ಪ್ರಾಸ್ಟೇಟ್ ದೊಡ್ಡದಾಗಿದೆ, ತ್ರಾಸಿಲ್ಲ: ಗುಳಿಗೆ ಬೇಕೇ?

ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದರೆ ರಿಪೋರ್ಟಿನ ಕೊನೆಗೆ ‘ಪ್ರಾಸ್ಟೇಟೊಮೆಗಾಲಿ, ಗ್ರೇಡ್ 2, 42 ಗ್ರಾಂ’ ಎಂದಿರುತ್ತದೆ. ಅಂದರೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದರ್ಥ. ಅರವತ್ತು ದಾಟಿದ ಗಂಡಸರಲ್ಲಿ ಇದು ಸಾಮಾನ್ಯ. ಹರೆಯದಲ್ಲಿ ಸುಮಾರು 20 ಗ್ರಾಂ ಇರುವ ಗ್ರಂಥಿ ವಯಸ್ಸಾದಂತೆ ಬೆಳೆಯುತ್ತದೆ. ಆದರೆ ಗ್ರಾಂ ನೋಡಿ ಚಿಕಿತ್ಸೆ ಶುರು ಮಾಡುವುದಿಲ್ಲ. 80 ಗ್ರಾಂ ಇದ್ದೂ ಸಲೀಸಾಗಿ ಮೂತ್ರ ಹೋಗುವವರಿದ್ದಾರೆ, 30 ಗ್ರಾಮಿಗೇ ಪರದಾಡುವವರೂ ಇದ್ದಾರೆ. ಗ್ರಂಥಿ ಮೂತ್ರನಾಳವನ್ನು ಎಷ್ಟು ಒತ್ತುತ್ತಿದೆ ಎಂಬುದೇ ಮುಖ್ಯ.

1. ಅಂಕ ಹಾಕಿಕೊಳ್ಳಿ

ಕಳೆದ ಒಂದು ತಿಂಗಳನ್ನು ನೆನೆದು ಏಳು ಪ್ರಶ್ನೆಗಳಿಗೆ 0ಯಿಂದ 5ರವರೆಗೆ ಅಂಕ ಕೊಡಿ: ಪೂರ್ತಿ ಖಾಲಿಯಾಗಿಲ್ಲ ಎನಿಸುವುದು, ಎರಡು ತಾಸಿನೊಳಗೆ ಮತ್ತೆ ಹೋಗುವುದು, ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಸಣ್ಣ ಧಾರೆ, ತಿಣುಕುವುದು, ರಾತ್ರಿ ಏಳುವುದು. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ಪ್ರತಿ ಸಲವೂ ಎಂದರೆ 5. ರಾತ್ರಿಯದಕ್ಕೆ ಎದ್ದಷ್ಟು ಸಲ ಅಷ್ಟು ಅಂಕ, ಐದರ ಮೇಲೆ ಎಷ್ಟಾದರೂ 5. ಒಟ್ಟು 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕಿಂತ ಮೇಲೆ ತೀವ್ರ.

‘ವಯಸ್ಸಾಯ್ತಲ್ಲ, ಇಷ್ಟು ಇದ್ದದ್ದೇ’ ಎಂದು ಸೊನ್ನೆ ಹಾಕುವವರೇ ಹೆಚ್ಚು. ರಾತ್ರಿಯ ಲೆಕ್ಕವನ್ನು ಮನೆಯವರನ್ನೂ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ: ಜೀವನಪೂರ್ತಿ ಹೀಗೇ ಇದ್ದರೆ ನಡೆದೀತೇ? ಒಟ್ಟು ಅಂಕಕ್ಕಿಂತ ಈ ಉತ್ತರಕ್ಕೇ ತೂಕ ಹೆಚ್ಚು.

2. ಮೂರು ದಿನ ಅಳೆದು ಬರೆಯಿರಿ

ಗೆರೆ ಇರುವ ಪ್ಲಾಸ್ಟಿಕ್ ಮಗ್ ಸಾಕು. ಸಮಯ, ಹೋದ ಮೂತ್ರ, ಕುಡಿದ ನೀರು, ಚಹಾ ಎಲ್ಲವೂ ಬರಲಿ. ಬೆಳಗಿನ ಮೊದಲ ಮೂತ್ರವೂ ರಾತ್ರಿಯ ಲೆಕ್ಕಕ್ಕೇ. ಇಡೀ ದಿನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಹೋಗುತ್ತಿದ್ದರೆ ತಪ್ಪು ಪ್ರಾಸ್ಟೇಟಿನದೇ ಆಗಿರಬೇಕಿಲ್ಲ. ಸಂಜೆಯ ಚಹಾ, ಕಾಲುಬಾವು, ಗೊರಕೆಯ ತೊಂದರೆ ಕಾರಣವಿರಬಹುದು. ಹಗಲೂ ರಾತ್ರಿಯೂ ಮೂತ್ರ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ನೋಡಬೇಕು. ಇವಕ್ಕೆಲ್ಲ ಪ್ರಾಸ್ಟೇಟ್ ಗುಳಿಗೆ ನುಂಗಿ ಫಲವಿಲ್ಲ.

3. ಪರೀಕ್ಷೆಗಳು

ಮೂತ್ರ, ಸಕ್ಕರೆ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್, ವೈದ್ಯರು ಬೆರಳಿನಿಂದ ಮಾಡುವ ತಪಾಸಣೆ, ಮೂತ್ರ ಮಾಡಿದ ನಂತರ ಚೀಲದಲ್ಲಿ ಎಷ್ಟು ಉಳಿಯಿತೆಂದು ತೋರಿಸುವ ಸ್ಕ್ಯಾನಿಂಗ್. ಎಡವಟ್ಟಾಗುವುದು ಈ ಕೊನೆಯದರಲ್ಲಿ. ಲೀಟರುಗಟ್ಟಲೆ ನೀರು ಕುಡಿದು ಪಾಳಿ ಬರುವವರೆಗೆ ಬಿಗಿಹಿಡಿದು ಕೂತರೆ ಚೀಲ ಮಿತಿಮೀರಿ ಹಿಗ್ಗಿ, ಸರಿಯಿರುವವರಲ್ಲೂ ಮೂತ್ರ ಉಳಿಯುತ್ತದೆ. ಸಹಜ ಅವಸರವಾದಾಗ ಹೋಗಿ, ಕೂಡಲೇ ಅಳೆಸಿ. 50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ. 200 ದಾಟಿದ್ದರೆ ಇನ್ನೊಂದು ದಿನ ಮತ್ತೆ ಅಳೆಸಿ, ಮೂತ್ರರೋಗ ತಜ್ಞರಿಗೆ ತೋರಿಸಿ.

ಪಿಎಸ್ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆ) ಬೇಕೇ ಎಂಬುದನ್ನು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಿ. ಮೂತ್ರದ ಸೋಂಕಿದ್ದಾಗ ಮಾಡಿಸಿದರೆ ಸುಳ್ಳೇ ಏರುತ್ತದೆ. ಹಿಂದಿನ ಎರಡು ದಿನ ಸಂಭೋಗ, ಸೈಕಲ್ ಸವಾರಿ ಬೇಡ.

4. ತೀರ್ಮಾನ

ಮೂತ್ರದಲ್ಲಿ ರಕ್ತ, ಪದೇ ಪದೇ ಸೋಂಕು, ಚೀಲದಲ್ಲಿ ಕಲ್ಲು, ಕಿಡ್ನಿ ಬಾವು ಅಥವಾ ಏರಿದ ಕ್ರಿಯಾಟಿನಿನ್ ಇದ್ದರೆ ಕಾಯುವ ಮಾತಿಲ್ಲ. ಇವ್ಯಾವುವೂ ಇಲ್ಲ, ಅಂಕ 7ರೊಳಗಿದೆ, ತ್ರಾಸೂ ಇಲ್ಲ ಎಂದರೆ ಗುಳಿಗೆ ಬೇಡ. ವರ್ಷಕ್ಕೊಮ್ಮೆ ಅಂಕ, ಪರೀಕ್ಷೆ ಸಾಕು. ಸಂಜೆ ಆರರ ನಂತರ ಚಹಾ ಬಿಡಿ, ಮಲಬದ್ಧತೆ ಆಗಗೊಡಬೇಡಿ, ಮೂತ್ರ ಮಾಡಿ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಹಾವೇರಿಯಿಂದ ಹುಬ್ಬಳ್ಳಿಗೆ ಹೊರಟವರು ನೀರನ್ನೇ ಬಿಡುವುದು ತಪ್ಪು. ಬಸ್ ಹತ್ತುವ ಮುನ್ನ ಹೋಗಿಬಂದರೆ ಸಾಕು.

ತ್ರಾಸೆನಿಸಿದರೆ ಸಾಮಾನ್ಯವಾಗಿ ಮೊದಲು ಬರೆಯುವುದು ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ., ದಿನಕ್ಕೊಂದು, ಊಟದ ನಂತರ. ಒಂದೆರಡು ವಾರದಲ್ಲಿ ಗುಣ ಕಾಣುತ್ತದೆ. ಥಟ್ಟನೆ ಎದ್ದರೆ ತಲೆ ತಿರುಗಬಹುದು, ವೀರ್ಯ ಹೊರಬರದೇ ಇರಬಹುದು. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಲೇಬೇಕು. ಗ್ರಂಥಿ ಕುಗ್ಗಿಸುವ ಡ್ಯುಟಾಸ್ಟರೈಡ್ ದೊಡ್ಡ ಗ್ರಂಥಿಯವರಿಗೆ. ಅದರ ಫಲಕ್ಕೆ ಸುಮಾರು ಆರು ತಿಂಗಳು ಬೇಕು, ಪಿಎಸ್ಎ ಅರ್ಧಕ್ಕಿಳಿಯುವುದರಿಂದ ಬಂದ ಅಂಕಿಯನ್ನು ದುಪ್ಪಟ್ಟು ಮಾಡಿ ಓದಬೇಕು.

ಗುಳಿಗೆ ಇರಲಿ ಬಿಡಲಿ, ಅಂಗಡಿಯಲ್ಲಿ ಕೇಳಿ ತರುವ ನೆಗಡಿ ಗುಳಿಗೆಯ ಬಗ್ಗೆ ಎಚ್ಚರ. ಅದರಲ್ಲಿನ ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್‌ನಂಥ ಔಷಧಗಳಿಂದ ಮೂತ್ರ ಪೂರ್ತಿ ಕಟ್ಟಬಹುದು. ಹೊಟ್ಟೆಯ ಕೆಳಭಾಗ ಉಬ್ಬಿ, ನೋವಿದ್ದೂ ಹನಿ ಬರದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದ ಜಿಮ್ಸ್ ಅಥವಾ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೂತ್ರ ಹೊರಬಿಡುವ ನಳಿಕೆ ಹಾಕಿಸಲು ತಜ್ಞರೇ ಬರಬೇಕೆಂದಿಲ್ಲ.