ಪೌಷ್ಟಿಕತೆಯ ಅಧ್ಯಯನಕ್ಕಾಗಿ ಮಕ್ಕಳ ಅಳತೆ ತೆಗೆಯುವ ಕ್ರಮ

ಮಕ್ಕಳ ಪೌಷ್ಟಿಕತೆಯ ಮೇಲೆ ಸಂಶೋಧನೆ ಕೈಗೊಳ್ಳುವವರಲ್ಲಿ ಹಲವರು ಪ್ರಶ್ನಾವಳಿಗೂ ವಿಶ್ಲೇಷಣೆಗೂ ತಿಂಗಳುಗಟ್ಟಲೆ ಶ್ರಮಿಸಿ, ಅಳತೆಯ ತರಬೇತಿಯನ್ನು ಮಾತ್ರ ಅರ್ಧ ದಿನದಲ್ಲಿ ಮುಗಿಸಿಬಿಡುತ್ತಾರೆ. ಅಧ್ಯಯನ ನಿಂತಿರುವುದೇ ಅಳತೆ ಹಲಗೆಯ ಮೇಲೆ ಎಂಬುದನ್ನು ಮೊದಲು ಮನಗಾಣಬೇಕು. ಅಲ್ಲಿ ನುಸುಳಿದ ತಪ್ಪನ್ನು ಮುಂದೆ ಯಾವ ಸೂತ್ರವೂ ತಿದ್ದಲಾರದು.

ತಪ್ಪುಗಳು ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ ಆಗುವುದರಿಂದ ಒಟ್ಟಿನಲ್ಲಿ ಸರಿಹೋಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸರಾಸರಿಯ ಮಟ್ಟಿಗೆ ಇದು ನಿಜವಿರಬಹುದು. ಆದರೆ ಕುಂಠಿತ ಬೆಳವಣಿಗೆಯನ್ನು ನಾವು ಸರಾಸರಿಯಿಂದ ಗುರುತಿಸುವುದಿಲ್ಲ. ವಯಸ್ಸಿಗೆ ತಕ್ಕ ಎತ್ತರದ ಝೆಡ್ ಅಂಕ, ಅಂದರೆ ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ನಡುಮಟ್ಟದಿಂದ ಮಗು ಎಷ್ಟು ಪ್ರಮಾಣಿತ ವಿಚಲನೆಗಳಷ್ಟು ದೂರದಲ್ಲಿದೆ ಎಂಬ ಲೆಕ್ಕ, -2ಕ್ಕಿಂತ ಕೆಳಗಿರುವ ಮಕ್ಕಳನ್ನು ಎಣಿಸುತ್ತೇವೆ. ಅಜಾಗರೂಕ ಅಳತೆಯಿಂದ ಅಂಕಗಳ ಹರವು ಅಗಲವಾದಷ್ಟೂ ಆ ಗೆರೆಯ ಕೆಳಗೆ ಬೀಳುವ ಮಕ್ಕಳ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ. ಇಲ್ಲದ ಕೊರತೆಯೂ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಅಳತೆಗೆ ಮುನ್ನ ವಯಸ್ಸನ್ನು ಖಚಿತಪಡಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಂತೆ, ಗಂಡುಮಗುವಿಗೆ -2ರ ಗೆರೆ 12ನೇ ತಿಂಗಳಲ್ಲಿ 71.0 ಸೆಂ.ಮೀ., 13ನೇ ತಿಂಗಳಲ್ಲಿ 72.1 ಸೆಂ.ಮೀ. ಹೀಗಾಗಿ 71.5 ಸೆಂ.ಮೀ. ಉದ್ದದ ಒಂದು ಮಗು, ತಾಯಿ ಹೇಳಿದ ತಿಂಗಳು ಒಂದರಷ್ಟು ಆಚೀಚೆಯಾದರೆ, ಗೆರೆಯ ಮೇಲಿಂದ ಕೆಳಕ್ಕೆ ಜಾರಿಬಿಡುತ್ತದೆ. "ಒಂದು ವರ್ಷ" ಎಂಬ ಉತ್ತರಕ್ಕೆ ತೃಪ್ತರಾಗದೆ ಜನನ ಪ್ರಮಾಣಪತ್ರವನ್ನೋ ಲಸಿಕೆ ಕಾರ್ಡನ್ನೋ ಕೇಳಿ ದಿನಾಂಕವನ್ನು ಬರೆದುಕೊಳ್ಳಿ. ದಾಖಲೆ ಇಲ್ಲದಿದ್ದರೆ ಹುಟ್ಟಿದ ಹೊತ್ತಿನ ಹಬ್ಬ, ಮಳೆ, ಸುಗ್ಗಿಗಳನ್ನು ನೆನಪಿಸಿ ತಿಂಗಳನ್ನು ಹುಡುಕಿ, ಅದು ಅಂದಾಜು ಎಂದು ಪ್ರತ್ಯೇಕವಾಗಿ ಗುರುತು ಹಾಕಿ.

ಎರಡು ವರ್ಷ ತುಂಬದ ಮಗುವನ್ನು ಮಲಗಿಸಿ, ತುಂಬಿದ ಮಗುವನ್ನು ನಿಲ್ಲಿಸಿ ಅಳೆಯಬೇಕು. ಎರಡು ವರ್ಷ ದಾಟಿದ ಮಗು ನಿಲ್ಲದೆ ಹಟ ಮಾಡಿದರೆ ಮಲಗಿಸಿಯೇ ಅಳೆದು 0.7 ಸೆಂ.ಮೀ. ಕಳೆಯಬೇಕು, ಚಿಕ್ಕ ಮಗುವನ್ನು ನಿಲ್ಲಿಸಿ ಅಳೆಯಬೇಕಾಗಿ ಬಂದರೆ ಅಷ್ಟನ್ನೇ ಕೂಡಿಸಬೇಕು.

ಮಲಗಿಸಿ ಅಳೆಯುವುದು ಒಬ್ಬರ ಕೆಲಸವಲ್ಲ. ಸಹಾಯಕರು ತಲೆಯ ಬದಿಯಲ್ಲಿ ಕುಳಿತು, ಎರಡೂ ಅಂಗೈಗಳಿಂದ ಕಿವಿಯ ಮೇಲ್ಭಾಗವನ್ನು ಮೃದುವಾಗಿ ಹಿಡಿದು, ನೆತ್ತಿ ತಲೆಹಲಗೆಗೆ ತಾಗುವಂತೆಯೂ ಮಗುವಿನ ನೋಟ ನೇರ ಮೇಲಕ್ಕಿರುವಂತೆಯೂ ನೋಡಿಕೊಳ್ಳಬೇಕು. ಅಳೆಯುವವರು ಒಂದು ಕೈಯಿಂದ ಮೊಣಕಾಲುಗಳನ್ನು ಹದವಾಗಿ ಒತ್ತಿ ಕಾಲು ನೀಡಿಸಿ, ಇನ್ನೊಂದು ಕೈಯಿಂದ ಜಾರುಹಲಗೆಯನ್ನು ಎರಡೂ ಅಂಗಾಲುಗಳಿಗೆ ತಾಗಿಸಬೇಕು, ಮಗುವಿನ ಕಾಲ್ಬೆರಳುಗಳು ಮೇಲ್ಮುಖವಾಗಿರಬೇಕು. ನನ್ನ ಪ್ರಕಾರ ಹೆಚ್ಚಿನ ತಪ್ಪು ನಡೆಯುವುದು ಇಲ್ಲೇ: ಮಗು ಒದೆಯುತ್ತಿದೆ ಎಂದು ಅವಸರಪಟ್ಟು ಬಾಗಿದ ಮೊಣಕಾಲಿನಲ್ಲೇ ಅಂಕಿ ಓದುತ್ತಾರೆ. ಮಗು ಅಳುತ್ತಿದ್ದರೆ ತಾಯಿಯ ಮಡಿಲಿಗೆ ಕೊಟ್ಟು ಕಾಯಿರಿ. ತುರುಬು, ಜಡೆ, ಕ್ಲಿಪ್ಪುಗಳನ್ನು ಬಿಚ್ಚಿಸದೆ ಅಳೆಯಬೇಡಿ. ಅಂಕಿಯನ್ನು 0.1 ಸೆಂ.ಮೀ.ವರೆಗೆ ಗಟ್ಟಿಯಾಗಿ ಓದಿ, ಬರೆದುಕೊಳ್ಳುವವರು ಅದನ್ನೇ ಮರುನುಡಿದ ಮೇಲೆ ದಾಖಲಿಸಿ.

ತೂಕದ ಯಂತ್ರವನ್ನು ಪ್ರತಿದಿನ ಬೆಳಿಗ್ಗೆ ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿ. 6ರಿಂದ 59 ತಿಂಗಳ ಮಕ್ಕಳಿಗೆ ಎಡತೋಳಿನ ನಡುಭಾಗದ ಸುತ್ತಳತೆಯನ್ನೂ ತೆಗೆಯಿರಿ. ಪಟ್ಟಿ ಚರ್ಮಕ್ಕೆ ತಾಗಿರಬೇಕು, ಚರ್ಮವನ್ನು ಅದುಮಬಾರದು.

ಕ್ಷೇತ್ರಕ್ಕೆ ಇಳಿಯುವ ಮುನ್ನ ಪ್ರತಿಯೊಬ್ಬ ಅಳತೆಗಾರರಿಂದಲೂ ಹತ್ತು ಮಕ್ಕಳನ್ನು, ಮೊದಲ ಅಂಕಿಯನ್ನು ಮರೆಮಾಡಿ, ಎರಡೆರಡು ಸಲ ಅಳೆಯಿಸಿ. ಪ್ರತಿ ಮಗುವಿನ ಎರಡು ಅಳತೆಗಳ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಮಕ್ಕಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ದೊರೆಯುವುದೇ ಅಳತೆಯ ತಾಂತ್ರಿಕ ದೋಷ. ಅದನ್ನು ಅನುಭವಿ ತರಬೇತುದಾರರ ದೋಷದೊಂದಿಗೆ ಹೋಲಿಸಿ. ಬಹಳ ಹೆಚ್ಚಿದ್ದವರಿಗೆ ಮತ್ತೆ ತರಬೇತಿ ಕೊಡಿ, ಮುಲಾಜು ಬೇಡ.

ದತ್ತಾಂಶವನ್ನು ಅಂದಂದೇ ಪರಿಶೀಲಿಸಿ. ದಶಮಾಂಶದ ಸ್ಥಾನದಲ್ಲಿ 0 ಮತ್ತು 5 ಮಾತ್ರ ಮತ್ತೆ ಮತ್ತೆ ಕಂಡರೆ ಯಾರೋ ಅಂದಾಜಿನಲ್ಲಿ ಬರೆಯುತ್ತಿದ್ದಾರೆಂದೇ ಅರ್ಥ. ವಯಸ್ಸಿಗೆ ತಕ್ಕ ಎತ್ತರದ ಅಂಕ -6ಕ್ಕಿಂತ ಕೆಳಗೆ ಅಥವಾ +6ಕ್ಕಿಂತ ಮೇಲೆ ಬಂದರೆ ಅದನ್ನು ಸದ್ದಿಲ್ಲದೆ ಅಳಿಸಿಹಾಕದೆ, ಸಾಧ್ಯವಿದ್ದಲ್ಲಿ ಆ ಮನೆಗೆ ಮರಳಿ ಹೋಗಿ ಅಳೆಯಿರಿ, ಕೈಬಿಟ್ಟ ದಾಖಲೆಗಳೆಷ್ಟೆಂದು ವರದಿಯಲ್ಲಿ ತಿಳಿಸಿ.

ಒಂದು ಸಂಗತಿಯನ್ನು ಮಾತ್ರ ಸಂಜೆಯ ಪರಿಶೀಲನೆಗೆ ಬಿಡಲಾಗದು. ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ, ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಂಥ ಮಗು ಆ ಕ್ಷಣದಿಂದ ನಮ್ಮ ಪಾಲಿಗೆ ದತ್ತಾಂಶವಲ್ಲ, ರೋಗಿ. ಚಿಕಿತ್ಸೆ ಎಲ್ಲಿ ದೊರೆಯುತ್ತದೆಂಬ ವಿವರವಿರುವ ಚೀಟಿಯನ್ನು ತಂಡದ ಪ್ರತಿಯೊಬ್ಬರೂ ಮೊದಲ ದಿನದಿಂದಲೇ ಚೀಲದಲ್ಲಿ ಇಟ್ಟುಕೊಂಡಿರಬೇಕು, ಮತ್ತು ಮಗು ಅಲ್ಲಿಗೆ ತಲುಪಿತೇ ಎಂದು ಎರಡು ದಿನಗಳೊಳಗೆ ವಿಚಾರಿಸಬೇಕು.