ಪಕ್ಷದ ಖಾತೆ ಖಾಲಿಯಾದಾಗ ಖಜಾಂಚಿ ಏನು ಮಾಡಬೇಕು

2023ರ ಮೇ 13ರಂದು ಕರ್ನಾಟಕ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು. ಮರುದಿನ ಬೆಳಿಗ್ಗೆ ಏಳೂವರೆಗೇ ನಮ್ಮ ಕಚೇರಿ ಬಾಗಿಲಲ್ಲಿ ಶಾಮಿಯಾನದವರು ನಿಂತಿದ್ದರು. ಅವರ ಹಿಂದೆ ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ, ಕೈಯಲ್ಲಿ ನಾಲ್ಕು ಬಿಲ್ಲು. ನಮ್ಮದು ಸಣ್ಣ ಪಕ್ಷ. 30 ಕಡೆ ನಿಂತಿದ್ದೆವು, ಒಂದು ಕಡೆಯೂ ಠೇವಣಿ ಉಳಿಯಲಿಲ್ಲ. ನಾನು ಖಜಾಂಚಿ. ಖಾತೆಯಲ್ಲಿದ್ದದ್ದು ಹನ್ನೊಂದು ಸಾವಿರ ಚಿಲ್ಲರೆ. ಆ ಬಾಕಿ ತೀರಿಸೋಕೆ ಎರಡು ವರ್ಷ ಬೇಕಾಯಿತು. ನಿಮಗೂ ಅಂಥ ಬೆಳಿಗ್ಗೆ ಬಂದರೆ ಕೆಲಸಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಬಾಕಿ ಪಟ್ಟಿ ಮಾಡಿ. ಬಾಯಿಮಾತಿನ ಬಾಕಿಯನ್ನೂ ಬರೆಯಿರಿ. ಆಮೇಲೆ ಪಕ್ಷದ ಬಿಲ್ಲು ಯಾವುದು, ಅಭ್ಯರ್ಥಿಯ ಬಿಲ್ಲು ಯಾವುದು ಅಂತ ಬೇರೆ ಮಾಡಿ. ಇದು ತುಂಬಾ ಮುಖ್ಯ. ನಮ್ಮಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅಭ್ಯರ್ಥಿ ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಪಕ್ಷಕ್ಕೆ 75 ದಿನ. ದುಡ್ಡು ಕೊಟ್ಟಿಲ್ಲ ಅಂದ ಮಾತ್ರಕ್ಕೆ ಬಿಲ್ಲನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ. ಸಾಲ ಮಾಡಿದ್ದೂ ಖರ್ಚೇ.

ಯಾರಿಗೆ ಮೊದಲು ಕೊಡಬೇಕು? ನನ್ನ ಪ್ರಕಾರ ಚಿಕ್ಕವರಿಗೆ. ಜೀಪು ಓಡಿಸಿದವರು, ಅಡುಗೆಯವರು, ಕುರ್ಚಿ ಹೊತ್ತವರು. ಅವರು ದಿನದ ಕೂಲಿ ನಂಬಿ ಬದುಕುವವರು. ಪ್ರೆಸ್ಸಿನವರ ಹತ್ತಿರ ಹೋಗಿ ಕೂತು ಕಂತು ಮಾತಾಡಿ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಫೋನ್ ಎತ್ತದೆ ಮಾತ್ರ ಇರಬೇಡಿ.

ಈ ಹೊತ್ತಿನಲ್ಲಿ ಯಾರಾದರೂ ಒಬ್ಬ ಅನುಕೂಲಸ್ಥರು ಬಂದೇ ಬರುತ್ತಾರೆ. 'ಎಲ್ಲಾ ನಾನೇ ನೋಡ್ಕೋತೀನಿ ಬಿಡಿ' ಅನ್ನುತ್ತಾರೆ. ನಮಗೂ ಬಂದಿದ್ದರು. ತೆಗೆದುಕೊಂಡಿದ್ದರೆ ಒಂದೇ ದಿನದಲ್ಲಿ ಬಾಕಿ ತೀರುತ್ತಿತ್ತು, ಮುಂದಿನ ಸಲ ಟಿಕೆಟ್ ಯಾರಿಗೆ ಅಂತ ಅವರೇ ಹೇಳುತ್ತಿದ್ದರು. ಕೈಸಾಲ ತಗೊಳ್ಳಲೇಬೇಕು ಅಂದರೆ ಚೆಕ್ಕಿನಲ್ಲಿ ತಗೊಳ್ಳಿ, ಸಾಲ ಅಂತಲೇ ಪುಸ್ತಕದಲ್ಲಿ ಬರೆಯಿರಿ, ಕಾರ್ಯಕಾರಿ ಸಮಿತಿಯ ಠರಾವು ಮಾಡಿಸಿ.

ನಾವು ಚಂದಾಕ್ಕೆ ಇಳಿದೆವು. ತಿಂಗಳಿಗೆ ನೂರು ರೂಪಾಯಿ ಕೊಡುವ ಇನ್ನೂರು ಜನ ಸಿಕ್ಕರೆ ಇಪ್ಪತ್ತು ಸಾವಿರ. ಕಚೇರಿ ಬಾಡಿಗೆ, ಕರೆಂಟು ಹೋಗಿ ಒಂದು ಕಂತಿಗೆ ಸಾಕು.

ಒಂದು ದಿನ ವಯಸ್ಸಾದ ರೈತರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಐದು ಸಾವಿರ ತಂದರು. ಎಲ್ಲಾ ನೂರರ ನೋಟು, ಮೇಲೆ ರಬ್ಬರ್ ಬ್ಯಾಂಡು. ಎರಡು ಸಾವಿರಕ್ಕಿಂತ ಜಾಸ್ತಿ ನಗದು ದೇಣಿಗೆ ತೆಗೆದುಕೊಂಡರೆ ಪಕ್ಷದ ತೆರಿಗೆ ವಿನಾಯಿತಿಗೇ ಕುತ್ತು. ಪಕ್ಕದಲ್ಲಿದ್ದ ನಮ್ಮ ಕಾರ್ಯಕರ್ತ, 'ಮೂರು ಹೆಸರಲ್ಲಿ ರಸೀದಿ ಹರಿದುಬಿಡಿ ಸಾರ್' ಅಂದ. ದಯವಿಟ್ಟು ಹಾಗೆ ಮಾಡಬೇಡಿ. ಅದು ಸುಳ್ಳು ಲೆಕ್ಕ. ನಾನು ಅಜ್ಜನನ್ನು ಅವರ ಬ್ಯಾಂಕಿಗೆ ಕರೆದುಕೊಂಡು ಹೋದೆ. ನೋಟನ್ನು ಅವರದೇ ಖಾತೆಗೆ ಕಟ್ಟಿಸಿ, ಅಲ್ಲಿಂದ ಪಕ್ಷದ ಖಾತೆಗೆ ಹಾಕಿಸಿದೆ. ಸಹಿ ಹಾಕೋಕೆ ಅವರಿಗೆ ಎರಡು ನಿಮಿಷ ಬೇಕಾಯಿತು. ಆ ಚೀಟಿಯ ಪ್ರತಿಯನ್ನು ರಸೀದಿಯ ಸ್ಥಳಪ್ರತಿಗೆ ಪಿನ್ ಮಾಡಿಟ್ಟಿದ್ದೇನೆ, ಈಗಲೂ ಇದೆ.

ಒಬ್ಬರಿಂದ ವರ್ಷಕ್ಕೆ 20,000 ದಾಟಿದರೆ ಅವರ ವಿವರ ಚುನಾವಣಾ ಆಯೋಗಕ್ಕೆ ಹೋಗಬೇಕು. ವಿದೇಶಿ ದುಡ್ಡು ಬೇಡ. ಸರ್ಕಾರಿ ಕಂಪನಿ, ಮೂರು ವರ್ಷ ತುಂಬದ ಕಂಪನಿ, ಇವರಿಂದಲೂ ಬೇಡ. ಹೆಸರು ಹೊರಗೆ ಬಾರದಂತೆ ಬ್ಯಾಂಕ್ ಮೂಲಕ ಪಕ್ಷಕ್ಕೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ಅನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿತು. ನಮಗಂತೂ ಒಂದು ಬಾಂಡೂ ಬಂದಿರಲಿಲ್ಲ.

ದುಡ್ಡಿಲ್ಲದಾಗ ಎಲ್ಲರೂ ಮೊದಲು ನಿಲ್ಲಿಸುವುದು ಆಡಿಟರ್ ಫೀಸು. ಅದೊಂದನ್ನು ನಿಲ್ಲಿಸಬೇಡಿ. ಆದಾಯ ತೆರಿಗೆ ರಿಟರ್ನ್ ತಡವಾದರೆ ದೇಣಿಗೆಗೂ ತೆರಿಗೆ ಬೀಳುತ್ತದೆ. ಕಾಂಗ್ರೆಸ್ಸಿನಂಥ ಪಕ್ಷವೇ 2018ರ ಡಿಸೆಂಬರ್ 31ರೊಳಗೆ ಕೊಡಬೇಕಿದ್ದ ರಿಟರ್ನನ್ನು 2019ರ ಫೆಬ್ರವರಿ 2ರಂದು ಕೊಟ್ಟಿತು. ಎರಡು ಸಾವಿರ ಮೀರಿದ ನಗದು ದೇಣಿಗೆಯೂ ಅದರಲ್ಲಿತ್ತು. 199 ಕೋಟಿ ಆದಾಯಕ್ಕೆ ಕೇಳಿದ್ದ ವಿನಾಯಿತಿ ಸಿಗಲಿಲ್ಲ, 2025ರ ಜುಲೈಯಲ್ಲಿ ತೆರಿಗೆ ನ್ಯಾಯಮಂಡಳಿಯಲ್ಲೂ ಸೋತಿತು. ಅಂಥ ಪೆಟ್ಟು ನಮಗೆ ಬಿದ್ದರೆ ಕಚೇರಿಗೆ ಬೀಗವೇ ಅಲ್ವಾ?

ದುಡ್ಡಿಲ್ಲ ಅಂತ ಚುನಾವಣೆಗೆ ನಿಲ್ಲದೇ ಇರುವುದೂ ಸರಿಯಲ್ಲ. ಆರು ವರ್ಷ ಒಂದು ಚುನಾವಣೆಗೂ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ಕಡಿಮೆ ಕಡೆ ನಿಲ್ಲಿ. ವಿಧಾನಸಭೆಗೆ ಠೇವಣಿ 10,000, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚಲಾವಣೆಯಾದ ಸರಿಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಮಾತ್ರ ಸೋತವರಿಗೆ ಅದು ವಾಪಸ್ಸು. ಆದ್ದರಿಂದ ಬಜೆಟ್ ಹಾಕುವಾಗ ಠೇವಣಿಯನ್ನು ಹೋದ ದುಡ್ಡು ಅಂತಲೇ ಬರೆಯಿರಿ. 30 ಜನರ ಮೂರು ಲಕ್ಷ ವಾಪಸ್ಸು ಬರುತ್ತೆ ಅಂತ ನಾನು ಬರೆದಿದ್ದೆ, ಪ್ರೆಸ್ಸಿನವರಿಗೆ ಕೊಡಬೇಕಿದ್ದದ್ದು ಅದೇ ದುಡ್ಡು.

ಕೊನೆಗೆ ರಸೀದಿ ಪುಸ್ತಕ. ಪ್ರತಿ ಪುಸ್ತಕಕ್ಕೂ ನಂಬರ್ ಹಾಕಿ, ಯಾವ ತಾಲ್ಲೂಕಿಗೆ ಯಾವುದು ಹೋಯಿತು ಅಂತ ಬರೆದಿಡಿ. ಮಾರ್ಚ್ 31ಕ್ಕೆ ಎಲ್ಲವನ್ನೂ ವಾಪಸ್ಸು ತರಿಸಿಕೊಳ್ಳಿ, ಒಂದು ಹಾಳೆಯೂ ಹರಿಯದ ಪುಸ್ತಕವನ್ನು ಕೂಡ.