ಧರೆಯ ಹಳದಿ ಮಣ್ಣು ಕಾಯಿಸಿ ಚಂದ್ರನ ನೀರು ಕಲಿಸಿದ್ದು

ನಾನು ಶಿರಸಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಚಂದ್ರಯಾನ-1 ಚಂದ್ರನಲ್ಲಿ ನೀರು ಪತ್ತೆ ಮಾಡಿತು ಎಂದು ಎಲ್ಲ ಮಕ್ಕಳೂ ಒಪ್ಪಿಸುತ್ತಾರೆ. ಅದು ಯಾವ ರೂಪದಲ್ಲಿದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಒಣ ಮಣ್ಣಿನ ಕಣದೊಳಗೆ ಹೈಡ್ರೋಜನ್ ಹೇಗೆ ಕುಳಿತಿರುತ್ತದೆ ಎಂಬುದನ್ನು ಕಣ್ಣೆದುರೇ ತೋರಿಸಲು ನಾನು ರೂಢಿಸಿಕೊಂಡ ಪ್ರಯೋಗವಿದು.

ಬೇಕಾಗುವುದು ರಸ್ತೆಗಾಗಿ ಗುಡ್ಡ ಕಡಿದ ಧರೆಯ ಹಳದಿ ಮಣ್ಣು ಮತ್ತು ಮೈಲುತುತ್ತ (ತಾಮ್ರದ ಸಲ್ಫೇಟ್). ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ತೋಟದ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ನೀಲಿ ಹರಳನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಬಿಳಿ ಪುಡಿಯಾಗುತ್ತದೆ. ಆ ಹರಳಿನ ತೂಕದಲ್ಲಿ ಶೇ. 36ರಷ್ಟು ನೀರೇ ಇತ್ತು ಎಂದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ. (ಇದು ವಿಷ, ಉರಿ ಜೋರಾದರೆ ಕೆಟ್ಟ ಹೊಗೆಯೂ ಬರುತ್ತದೆ. ಹಾಗಾಗಿ ಈ ಕೆಲಸವನ್ನು ಕಿಟಕಿ ತೆರೆದಿಟ್ಟು ನಾನೇ ಮಾಡುತ್ತೇನೆ.) ಬಿಳಿ ಪುಡಿಗೆ ನೀರು ಸೋಕಿದರೆ ಮತ್ತೆ ನೀಲಿ.

ಮಣ್ಣನ್ನು ಬಿಸಿಲಿಗೆ ಹರವಿ, ಆಮೇಲೆ ಕಾವಲಿಯ ಮೇಲೆ ಹದವಾಗಿ ಬಿಸಿ ಮಾಡಬೇಕು. ಮೇಲೆ ಹಿಡಿದ ತಣ್ಣನೆಯ ಸ್ಟೀಲ್ ತಟ್ಟೆ ಮಸುಕಾಗುವುದು ನಿಂತರೆ ತೇವ ಹೋಯಿತೆಂದು ಅರ್ಥ. ಬಣ್ಣ ಮಾತ್ರ ಹಳದಿಯಾಗಿಯೇ ಇರಬೇಕು. ಈ ಒಣಪುಡಿಯನ್ನು ಗಟ್ಟಿ ಗಾಜಿನ ಪ್ರನಾಳಕ್ಕೆ ಹಾಕಿ, ಬಾಯಿ ತುಸು ಕೆಳಗಿರುವಂತೆ ಓರೆಯಾಗಿ ಹಿಡಿದು, ಜೋರಾಗಿ ಕಾಯಿಸುತ್ತೇನೆ. ಬಾಯಿ ಮೇಲಿದ್ದರೆ ಹನಿ ಹಿಂದಕ್ಕೆ ಹರಿದು ಕಾದ ಗಾಜು ಸೀಳುತ್ತದೆ. ಸ್ವಲ್ಪ ಹೊತ್ತಿಗೆ ತಳದ ಮಣ್ಣು ಅಂಚಿನಿಂದ ಕೆಂಪೇರುತ್ತದೆ, ತಂಪಾದ ಬಾಯಿಯ ಬಳಿ ಸಣ್ಣ ಹನಿಗಳು ಮೂಡುತ್ತವೆ. ಬಿಳಿ ಪುಡಿ ಮುಟ್ಟಿಸಿದರೆ ನೀಲಿ!

ಪಾಠ ಶುರುವಾಗುವುದು ಇಲ್ಲಿಂದ. ಆ ಮಣ್ಣಿನ ಹಳದಿಗೆ ಕಾರಣ ಗೋಥೈಟ್ ಎಂಬ ಕಬ್ಬಿಣದ ಖನಿಜ. ಅದರಲ್ಲಿರುವುದು ನೀರಿನ ಅಣುವಲ್ಲ, ಆಮ್ಲಜನಕಕ್ಕೆ ಒಂದು ಹೈಡ್ರೋಜನ್ ಅಂಟಿದ ಹೈಡ್ರಾಕ್ಸಿಲ್. ಕಾಯಿಸಿದಾಗ ಎರಡು ಹೈಡ್ರಾಕ್ಸಿಲ್ ಕೂಡಿ ನೀರೊಂದು ಹೊರಬೀಳುತ್ತದೆ, ಉಳಿಯುವುದು ಕೆಂಪು ಹೆಮಟೈಟ್. ನೀರು ಸಿಕ್ಕಿತು ಎಂದಮಾತ್ರಕ್ಕೆ ಒಳಗೆ ನೀರೇ ಇತ್ತು ಎನ್ನುವಂತಿಲ್ಲ.

ಚಂದ್ರನ ಮಣ್ಣಿನಲ್ಲೂ ಇದೇ ತೊಡಕು. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಪ್ರೋಟಾನುಗಳು, ಅಂದರೆ ಹೈಡ್ರೋಜನ್ ಪರಮಾಣುವಿನ ಬೀಜಗಳು, ಮಣ್ಣಿನ ಕಣಗಳ ಮೇಲ್ಪದರಕ್ಕೆ ನಾಟಿ, ಅಲ್ಲಿನ ಆಮ್ಲಜನಕವನ್ನು ಹಿಡಿದು ಹೈಡ್ರಾಕ್ಸಿಲ್ ಆಗುತ್ತವೆ. 2009ರಲ್ಲಿ ಪ್ರಕಟವಾದ ಚಂದ್ರಯಾನ-1ರ ಶೋಧದಲ್ಲಿ, ಅದರಲ್ಲಿದ್ದ ನಾಸಾದ ಖನಿಜ ನಕ್ಷಾ ಉಪಕರಣ ಕಂಡದ್ದು 3 ಮೈಕ್ರಾನ್ ತರಂಗಾಂತರದ ಆಸುಪಾಸಿನ ಬೆಳಕು ಹೀರಿಕೆ. ಅದು ಹೈಡ್ರಾಕ್ಸಿಲ್‌ನಿಂದಲೂ ಆಗುತ್ತದೆ, ನೀರಿನಿಂದಲೂ ಆಗುತ್ತದೆ. ನೀರಿನ ಅಣುವಿಗೆ ಮಾತ್ರ ಸಲ್ಲುವ 6 ಮೈಕ್ರಾನ್ ಗುರುತು ಕ್ಲೇವಿಯಸ್ ಕುಳಿಯಲ್ಲಿ ಸಿಕ್ಕಿತೆಂಬ ವರದಿ ಬಂದದ್ದು 2020ರಲ್ಲಿ, ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕದಿಂದ. 1998ರ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಚಂದ್ರನ ಮಣ್ಣಿನಿಂದ ಹೊರಬರುವ ನ್ಯೂಟ್ರಾನ್ ಎಣಿಸಿತ್ತು. ಕೇರಂ ಬೋರ್ಡಿನಲ್ಲಿ ಒಂದು ಕಾಯಿಯಿಂದ ಅಷ್ಟೇ ತೂಕದ ಇನ್ನೊಂದಕ್ಕೆ ನೇರ ಹೊಡೆದರೆ ಮೊದಲನೆಯದು ನಿಂತೇಬಿಡುವಂತೆ, ನ್ಯೂಟ್ರಾನಿನ ವೇಗ ಕಸಿಯುವುದರಲ್ಲಿ ಹೈಡ್ರೋಜನ್ ಎಲ್ಲಕ್ಕಿಂತ ಮುಂದು. ಹೀಗೆ ಹೈಡ್ರೋಜನ್ ಇದೆಯೆಂದು ತಿಳಿಯುತ್ತದೆ, ಆದರೆ ಅದು ಯಾವ ರೂಪದಲ್ಲಿದೆ ಎಂದು ನ್ಯೂಟ್ರಾನ್ ಹೇಳದು.

ಪ್ರಯೋಗವನ್ನು ದೀಪಾವಳಿ ಕಳೆದ ಮೇಲೆ ಮಾಡುವುದೇ ಒಳ್ಳೆಯದು. ಮಳೆಗಾಲದಲ್ಲಿ ತೆರೆದಿಟ್ಟ ಬಿಳಿ ಪುಡಿ ಗಾಳಿಯ ತೇವ ಕುಡಿದು ತಾನಾಗಿಯೇ ನೀಲಿಯಾಗುತ್ತದೆ. ಅದನ್ನೂ ಬೇಕೆಂದೇ ಒಮ್ಮೆ ತೋರಿಸುತ್ತೇನೆ. ಅಪೊಲೊ ತಂದ ಮಣ್ಣಿನಲ್ಲಿ ನೀರಿನ ಸುಳಿವು ಕಂಡಾಗ, ಅದು ಭೂಮಿಯ ಗಾಳಿಯಿಂದಲೇ ಸೇರಿದ್ದಿರಬೇಕೆಂದು ವಿಜ್ಞಾನಿಗಳು ಏಕೆ ಸಂಶಯಪಟ್ಟರು ಎಂಬುದು ಆಗ ವಿವರಿಸದೆಯೇ ತಿಳಿಯುತ್ತದೆ.

ಚಂದ್ರನ ಮಣ್ಣನ್ನೂ ಕಾಯಿಸಿ ನೀರು ತೆಗೆಯಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತೆಗೆಯಬಹುದು. ಆದರೆ ಕ್ಲೇವಿಯಸ್‌ನಲ್ಲಿ ಅಳೆದ ಪ್ರಮಾಣ ಟನ್ನಿಗೆ 100ರಿಂದ 400 ಗ್ರಾಂ ಅಷ್ಟೇ. ಬಿಸಿಲು ಕಾಣದ ದಕ್ಷಿಣ ಧ್ರುವದ ಕೇಬಿಯಸ್ ಕುಳಿಗೆ 2009ರಲ್ಲಿ ರಾಕೆಟ್ ಹಂತವೊಂದನ್ನು ಅಪ್ಪಳಿಸಿ ನೋಡಿದಾಗ ಸಿಕ್ಕ ಅಂದಾಜು ಶೇ. 5.6, ಅಂದರೆ ಟನ್ನಿಗೆ 56 ಕಿಲೋ. ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ, ಎಲ್ಲರೂ ಧ್ರುವದತ್ತಲೇ ಏಕೆ ಹೊರಟಿದ್ದಾರೆ ಎಂದು ಮಕ್ಕಳೇ ಹೇಳುತ್ತಾರೆ.